ಡ್ರೈಯರ್‌ನಲ್ಲಿ ಬಟ್ಟೆ ಒಣಗುತ್ತಿಲ್ಲವೇ? ಯಂತ್ರವನ್ನು ದೂರುವ ಮೊದಲು ಅದರ ಕೊಳವೆ ನೋಡಿ

ಡ್ರೈಯರ್ ಒಂದು ಗಂಟೆ ತಿರುಗಿ ನಿಂತಿದೆ. ಬಾಗಿಲು ತೆಗೆದರೆ ಬಟ್ಟೆಯೆಲ್ಲ ಬಿಸಿಬಿಸಿ. ಆದರೆ ಜೀನ್ಸ್‌ನ ಸೊಂಟದ ಪಟ್ಟಿ, ಟವೆಲ್‌ನ ಅಂಚು ಮುಟ್ಟಿದರೆ ಇನ್ನೂ ಹಸಿ. ಸರಿ, ಇನ್ನೊಂದು ಸಲ ಹಾಕೋಣ ಎಂದು ಗುಂಡಿ ಒತ್ತುತ್ತೇವೆ. ಕೆಲವು ವಾರಗಳಲ್ಲಿ ಎರಡೆರಡು ಸಲ ಹಾಕುವುದೇ ಅಭ್ಯಾಸವಾಗಿಬಿಡುತ್ತದೆ. ಕೊನೆಗೊಂದು ದಿನ "ಕಾಯಿಲ್ ಹೋಗಿರಬೇಕು" ಎಂದು ರಿಪೇರಿಯವರಿಗೆ ಫೋನ್ ಹೋಗುತ್ತದೆ, ಇಲ್ಲವೇ ಹೊಸ ಯಂತ್ರವೇ ಮನೆಗೆ ಬರುತ್ತದೆ. ವಿಚಿತ್ರವೆಂದರೆ ಎಷ್ಟೋ ಮನೆಗಳಲ್ಲಿ ಹೊಸ ಯಂತ್ರವೂ ಅದೇ ತೊಂದರೆ ಕೊಡುತ್ತದೆ. ಏಕೆಂದರೆ ಕೆಟ್ಟಿದ್ದು ಯಂತ್ರವಲ್ಲ, ಅದರ ಹಿಂದಿನಿಂದ ಗೋಡೆಯೊಳಗೆ ಹೋಗುವ ಗಾಳಿಯ ಕೊಳವೆ.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಡ್ರೈಯರ್ ದಿನನಿತ್ಯದ ಯಂತ್ರ. ಅಲ್ಲಿನ ಅನೇಕ ಬಡಾವಣೆಗಳಲ್ಲಿ ಅಂಗಳದಲ್ಲೋ ಬಾಲ್ಕನಿಯಲ್ಲೋ ಬಟ್ಟೆ ಹರವಲು ಸಂಘದ ನಿಯಮವೇ ಬಿಡುವುದಿಲ್ಲ. ಇತ್ತ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಯುಟಿಲಿಟಿ ಜಾಗದಲ್ಲೂ ಡ್ರೈಯರ್ ಕಾಣಿಸತೊಡಗಿದೆ. ಎರಡೂ ಕಡೆ ಯಂತ್ರದ ತತ್ವ ಒಂದೇ. ಆ ತತ್ವ ತಿಳಿದರೆ ತೊಂದರೆ ಎಲ್ಲಿದೆ ಎಂದು ನಾವೇ ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ಇದು ಬರಿ ಹಣ ಉಳಿಸುವ ಮಾತಲ್ಲ. ಕಟ್ಟಿಕೊಂಡ ಕೊಳವೆಯಿಂದ ಮನೆಗೆ ಬೆಂಕಿ ಬೀಳಬಹುದು, ಗ್ಯಾಸ್ ಡ್ರೈಯರ್ ಆಗಿದ್ದರೆ ವಿಷಾನಿಲ ಮನೆಯೊಳಗೆ ತುಂಬಬಹುದು.

ಬಟ್ಟೆ ಒಣಗುವುದು ಬಿಸಿಯಿಂದಲೋ, ಗಾಳಿಯಿಂದಲೋ?

ಜೂನ್ ತಿಂಗಳ ಮಂಗಳೂರನ್ನು ನೆನೆಸಿಕೊಳ್ಳಿ. ಸೆಕೆ ಇರುತ್ತದೆ, ಆದರೂ ಒಳಗೆ ಹಗ್ಗದ ಮೇಲೆ ಹರವಿದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅದೇ ಜನವರಿಯ ಧಾರವಾಡದಲ್ಲಿ ಗಾಳಿ ತಂಪಾಗಿದ್ದರೂ ಬೆಳಗ್ಗೆ ಹರವಿದ ಬಟ್ಟೆ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತದೆ. ಮಂಗಳೂರಿನ ಗಾಳಿ ಬೆಚ್ಚಗಿದ್ದರೂ ಅದರಲ್ಲಿ ಆಗಲೇ ನೀರಿನ ಆವಿ ತುಂಬಿದೆ, ಇನ್ನಷ್ಟು ಹೀರಲು ಜಾಗವಿಲ್ಲ. ಧಾರವಾಡದ ಗಾಳಿ ಒಣಗಾಳಿ, ಅಲ್ಲದೆ ಅದು ಬೀಸುತ್ತಿರುತ್ತದೆ. ಬಟ್ಟೆಯ ಸುತ್ತಲಿನ ತೇವ ತುಂಬಿದ ಗಾಳಿಯನ್ನು ಅದು ಒಯ್ದು, ಅಲ್ಲಿಗೆ ಹೊಸ ಒಣಗಾಳಿಯನ್ನು ತರುತ್ತದೆ.

ಡ್ರೈಯರ್ ಮಾಡುವುದೂ ಇದನ್ನೇ. ಬಿಸಿ ಮಾಡಿದಷ್ಟೂ ಗಾಳಿ ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಹಿಡಿಯುತ್ತದೆ. 60 ಡಿಗ್ರಿಯಲ್ಲಿ ಅದು ಸುಮಾರು 130 ಗ್ರಾಂ. ಹಾಗಾಗಿ ಮಳೆಗಾಲದ ತೇವದ ಗಾಳಿಯೂ ಬಿಸಿ ಮಾಡಿದಾಗ ಬಾಯಾರಿದ ಗಾಳಿಯಾಗುತ್ತದೆ. ಆದರೆ ಅದು ನೀರು ಹೀರಿದ ಮೇಲೆ ಅಲ್ಲಿಂದ ಹೊರಗೆ ಹೋಗಲೇಬೇಕು. ಹೋಗದಿದ್ದರೆ ಡ್ರೈಯರ್ ಒಂದು ಹಬೆಪಾತ್ರೆಯಷ್ಟೇ. ಇಡ್ಲಿ ಬೇಯಿಸುವ ಪಾತ್ರೆಯೊಳಗೆ ಬಟ್ಟೆ ಒಣಗಲು ಸಾಧ್ಯವೇ?

ಆದ್ದರಿಂದ ಡ್ರೈಯರ್ ಅನ್ನು ಒಲೆ ಎಂದುಕೊಳ್ಳುವ ಬದಲು ಗಾಳಿ ಸಾಗಿಸುವ ಯಂತ್ರ ಎಂದುಕೊಳ್ಳಿ. ಅದರ ಮುಕ್ಕಾಲು ತೊಂದರೆಗಳು ಆಗಲೇ ಅರ್ಥವಾಗತೊಡಗುತ್ತವೆ.

ಒಳಗೆ ನಡೆಯುವುದೇನು?

ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿರುವುದು ಗಾಳಿಯನ್ನು ಹೊರಗೆ ತಳ್ಳುವ ಡ್ರೈಯರ್. ಯಂತ್ರ ಇರುವ ಕೋಣೆಯ ಗಾಳಿಯನ್ನೇ ಅದು ಒಳಗೆಳೆದುಕೊಳ್ಳುತ್ತದೆ. ಆ ಗಾಳಿ ವಿದ್ಯುತ್ ಕಾಯಿಲ್‌ನ ಮೇಲೋ ಗ್ಯಾಸ್ ಜ್ವಾಲೆಯ ಮೂಲಕವೋ ಹಾದು ಬಿಸಿಯಾಗಿ, ತಿರುಗುವ ಡ್ರಮ್ಮಿನೊಳಗಿನ ಬಟ್ಟೆಗಳ ನಡುವೆ ನುಗ್ಗುತ್ತದೆ. ಅಲ್ಲಿಂದ ಲಿಂಟ್ ಜಾಲರಿ, ಆಮೇಲೆ ಫ್ಯಾನು, ಕೊನೆಗೆ ಗೋಡೆಯೊಳಗಿನ ಕೊಳವೆಯ ಮೂಲಕ ಮನೆಯ ಹೊರಗೆ.

ಹೀಗೆ ನಿಮಿಷಕ್ಕೆ ಸುಮಾರು 100ರಿಂದ 200 ಘನ ಅಡಿ ಗಾಳಿ ಸಾಗುತ್ತದೆ. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯಷ್ಟು ಗಾಳಿಯನ್ನು ಈ ಯಂತ್ರ ಐದರಿಂದ ಹತ್ತು ನಿಮಿಷದಲ್ಲಿ ಹೊರಗೆ ಹಾಕಿಬಿಡುತ್ತದೆ. ಅಷ್ಟೇ ಗಾಳಿ ಕೋಣೆಗೆ ಬರಲೂ ಬೇಕು. ಬಿಗಿಯಾಗಿ ಬಾಗಿಲು ಹಾಕಿದ ಸಣ್ಣ ಗೂಡಿನೊಳಗೆ ಡ್ರೈಯರ್ ಇದ್ದರೆ ಅದಕ್ಕೆ ಉಸಿರು ಕಟ್ಟುತ್ತದೆ. ಅಂಥ ಗೂಡಿಗೆ ಕನಿಷ್ಠ 100 ಚದರ ಇಂಚಿನ ಗಾಳಿಕಿಂಡಿ ಬೇಕೆಂದು ಅಮೆರಿಕದ ಕಟ್ಟಡ ಸಂಹಿತೆ ಹೇಳುವುದು ಇದಕ್ಕೇ.

ಜಾಲರಿಯಲ್ಲಿ ಸಿಕ್ಕುವ ಬೂದು ಬಣ್ಣದ ಮೆತ್ತನೆಯ ಪದರವೇ ಲಿಂಟ್. ಅದು ಹೊರಗಿನ ಧೂಳಲ್ಲ, ನಿಮ್ಮ ಬಟ್ಟೆಯಿಂದಲೇ ಉದುರಿದ ನವಿರಾದ ನೂಲಿನ ಎಳೆ. ಜಾಲರಿ ಇದನ್ನೆಲ್ಲ ಹಿಡಿಯುವುದಿಲ್ಲ. ಸಣ್ಣ ಎಳೆಗಳು ತಪ್ಪಿಸಿಕೊಂಡು ಮುಂದೆ ಹೋಗುತ್ತವೆ. ಕೊಳವೆಯಲ್ಲಿ ಹೋಗುತ್ತಾ ಗಾಳಿ ತಣ್ಣಗಾದಂತೆ ಆವಿ ನೀರಾಗಿ ಗೋಡೆಗೆ ಅಂಟುತ್ತದೆ, ಆ ಹಸಿಗೆ ಲಿಂಟ್ ಮೆತ್ತಿಕೊಳ್ಳುತ್ತದೆ. ತಿಂಗಳು ಕಳೆದಂತೆ ಪದರದ ಮೇಲೆ ಪದರ ಸೇರಿ ಕೊಳವೆಯ ಬಾಯಿ ಸಣ್ಣದಾಗುತ್ತದೆ.

ಗಾಳಿ ಸಾಗದಿದ್ದಾಗ ಏನಾಗುತ್ತದೆ ಗೊತ್ತೇ? ಕಾಯಿಲ್‌ನ ಸುತ್ತ ಬಿಸಿ ಕೂಡಿಕೊಳ್ಳುತ್ತದೆ. ಅಪಾಯವಾಗದಂತೆ ಕಾಯಲು ಇಟ್ಟಿರುವ ಥರ್ಮೋಸ್ಟಾಟ್ ಕಾಯಿಲ್ ಅನ್ನು ಪದೇ ಪದೇ ಆರಿಸುತ್ತದೆ. ಹೀಗೆ ಡ್ರೈಯರ್ ತಿರುಗುತ್ತಿರುತ್ತದೆ, ಮೈ ಸುಡುತ್ತಿರುತ್ತದೆ, ಬಟ್ಟೆ ಮಾತ್ರ ಒಣಗುವುದಿಲ್ಲ. ಬಟ್ಟೆ ಬಿಸಿಯಾಗಿದ್ದೂ ಹಸಿಯಾಗಿದ್ದರೆ ಮೊದಲ ಅನುಮಾನ ಗಾಳಿಯ ದಾರಿಯ ಮೇಲಿರಲಿ.

ಪತ್ತೆ ಹಚ್ಚುವುದು ಹೇಗೆ? ಸುಲಭದಿಂದ ಕಷ್ಟದ ಕಡೆಗೆ

ರಿಪೇರಿಯವರನ್ನು ಕರೆಯುವ ಮೊದಲು ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಉಪಕರಣಗಳೇನೂ ಬೇಕಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ.

*1. ವಾಷಿಂಗ್ ಮಷೀನ್ ಬಟ್ಟೆಯನ್ನು ಸರಿಯಾಗಿ ಹಿಂಡುತ್ತಿದೆಯೇ?* ಮಷೀನ್‌ನಿಂದ ತೆಗೆದ ಟವೆಲ್ ಒಂದನ್ನು ಕೈಯಲ್ಲಿ ಹಿಂಡಿ. ನೀರು ತೊಟ್ಟಿಕ್ಕಿದರೆ ದೋಷ ಡ್ರೈಯರ್‌ದಲ್ಲ, ವಾಷಿಂಗ್ ಮಷೀನ್‌ನ ಸ್ಪಿನ್‌ದು. ಲೆಕ್ಕ ನೋಡಿ. ನಾಲ್ಕು ಕಿಲೋ ಒಣಬಟ್ಟೆ ಒಳ್ಳೆಯ ಸ್ಪಿನ್ ಆದ ಮೇಲೂ ಎರಡು, ಎರಡೂವರೆ ಲೀಟರ್ ನೀರು ಹಿಡಿದುಕೊಂಡಿರುತ್ತದೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಕಡೇಪಕ್ಷ 0.65 ಯೂನಿಟ್‌ನಷ್ಟು ಶಕ್ತಿ ಬೇಕೇ ಬೇಕು. ಅದೇ ನೀರನ್ನು ಸ್ಪಿನ್‌ನಲ್ಲಿ ಹಿಂಡಿ ತೆಗೆಯಲು ತಗಲುವ ಕರೆಂಟ್ ಅದರ ಮುಂದೆ ತೀರಾ ಅಲ್ಪ. ಹಾಗಾಗಿ ದಪ್ಪ ಬಟ್ಟೆಗೆ ಇನ್ನೊಂದು ಸ್ಪಿನ್ ಕೊಡುವುದು ಯಾವಾಗಲೂ ಲಾಭವೇ.

*2. ಸೆಟ್ಟಿಂಗ್ ಮತ್ತು ಬಟ್ಟೆಯ ಪ್ರಮಾಣ.* ಬಿಸಿಯಿಲ್ಲದೆ ಬರಿ ಗಾಳಿ ಬೀಸುವ ಸೆಟ್ಟಿಂಗ್ ಬಹುತೇಕ ಡ್ರೈಯರ್‌ಗಳಲ್ಲಿ ಇರುತ್ತದೆ. ಯಾರೋ ಗುಂಡಿ ತಿರುಗಿಸಿ ಅದರಲ್ಲೇ ಬಿಟ್ಟಿರಬಹುದು. ಇನ್ನು ಡ್ರಮ್ ತುಂಬ ಬಟ್ಟೆ ತುರುಕಿದರೆ ಗಾಳಿ ನುಗ್ಗಲು ಜಾಗವೇ ಇರುವುದಿಲ್ಲ. ಹಸಿಬಟ್ಟೆ ಹಾಕಿದಾಗ ಡ್ರಮ್ ಅರ್ಧದಿಂದ ಮೂರನೇ ಎರಡರಷ್ಟು ತುಂಬಿದರೆ ಸಾಕು.

*3. ಬೇಗ ನಿಂತುಬಿಡುತ್ತಿದೆಯೇ?* ಬಟ್ಟೆ ಹಸಿಯಿರುವಾಗಲೇ "ಮುಗಿಯಿತು" ಎಂದು ಯಂತ್ರ ನಿಂತರೆ ತೇವ ಅಳೆಯುವ ಸೆನ್ಸರ್ ನೋಡಿ. ಡ್ರಮ್ಮಿನೊಳಗೆ, ಸಾಮಾನ್ಯವಾಗಿ ಜಾಲರಿಯ ಹತ್ತಿರ, ಎರಡು ಲೋಹದ ಪಟ್ಟಿಗಳಿರುತ್ತವೆ. ಹಸಿಬಟ್ಟೆ ಎರಡನ್ನೂ ಸೋಕಿದಾಗ ನಡುವೆ ಸ್ವಲ್ಪ ವಿದ್ಯುತ್ ಹರಿಯುತ್ತದೆ, ಒಣಬಟ್ಟೆ ಸೋಕಿದರೆ ಹರಿಯುವುದಿಲ್ಲ. ಪರಿಮಳಕ್ಕೆಂದು ಹಾಕುವ ಡ್ರೈಯರ್ ಶೀಟ್‌ನ ಮೇಣದಂಥ ಪದಾರ್ಥ ಈ ಪಟ್ಟಿಗಳ ಮೇಲೆ ಪೊರೆ ಕಟ್ಟಿದರೆ ಹಸಿಬಟ್ಟೆಯೂ ಯಂತ್ರಕ್ಕೆ ಒಣಬಟ್ಟೆಯಂತೆ ಕಾಣುತ್ತದೆ. ಯಂತ್ರ ತಣ್ಣಗಿರುವಾಗ ಸ್ವಲ್ಪ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಪಟ್ಟಿಗಳನ್ನು ಒರೆಸಿ, ಅದು ಆರಿದ ಮೇಲೆ ಯಂತ್ರ ಹಾಕಿ. ಒಂದೆರಡೇ ಬಟ್ಟೆ ಹಾಕಿದಾಗಲೂ ಅವು ಪಟ್ಟಿಯನ್ನು ಸರಿಯಾಗಿ ಸೋಕದೆ ಯಂತ್ರ ಬೇಗ ನಿಲ್ಲಬಹುದು. ಆಗ ಜೊತೆಗೆ ಎರಡು ಟವೆಲ್ ಸೇರಿಸಿ, ಇಲ್ಲವೇ ಸಮಯ ನಿಗದಿ ಮಾಡುವ ಸೆಟ್ಟಿಂಗ್ ಬಳಸಿ.

*4. ಜಾಲರಿಗೆ ನೀರಿನ ಪರೀಕ್ಷೆ.* ಲಿಂಟ್ ತೆಗೆದ ಮೇಲೆ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸೋರಿಹೋದರೆ ಸರಿ. ತಟ್ಟೆಯಲ್ಲಿ ನಿಂತಂತೆ ಮೇಲೇ ನಿಂತರೆ ಕಣ್ಣಿಗೆ ಕಾಣದ ಪೊರೆ ಅದರ ಕಿಂಡಿಗಳನ್ನು ಮುಚ್ಚಿದೆ ಎಂದರ್ಥ. ಇದೂ ಡ್ರೈಯರ್ ಶೀಟ್‌ನ ಕೊಡುಗೆಯೇ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ ಮತ್ತೆ ಸೇರಿಸಿ.

*5. ಹೊರಗೆ ಹೋಗಿ ನೋಡಿ.* ಡ್ರೈಯರ್ ತಿರುಗುತ್ತಿರುವಾಗ ಮನೆಯ ಹೊರಗೋಡೆಯಲ್ಲಿ ಕೊಳವೆ ಮುಗಿಯುವ ಜಾಗಕ್ಕೆ ಹೋಗಿ. ಅಲ್ಲಿನ ಮುಚ್ಚಳ ಪೂರ್ತಿ ತೆರೆದುಕೊಂಡು ಬಿಸಿಗಾಳಿ ರಭಸದಿಂದ ಕೈಗೆ ಬಡಿಯಬೇಕು. ಮುಚ್ಚಳ ಅರೆಬರೆ ತೆರೆದಿದ್ದರೆ, ಗಾಳಿ ಸುಮ್ಮನೆ ಉಸಿರಾಡಿದಂತೆ ಬರುತ್ತಿದ್ದರೆ ದಾರಿ ಕಟ್ಟಿದೆ. ಉತ್ತರ ಅಮೆರಿಕದಲ್ಲಿ ವಸಂತಕಾಲ ಬಂತೆಂದರೆ ಗುಬ್ಬಿ, ಸ್ಟಾರ್ಲಿಂಗ್ ಹಕ್ಕಿಗಳು ಈ ಬೆಚ್ಚನೆಯ ಕೊಳವೆಯೊಳಗೆ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಹಿಮ ಕಟ್ಟಿ ಮುಚ್ಚಳ ಅಂಟಿಕೊಳ್ಳುವುದೂ ಉಂಟು. ಇಡೀ ಪಟ್ಟಿಯಲ್ಲಿ ಅತ್ಯಂತ ಉಪಯುಕ್ತ ಪರೀಕ್ಷೆ ಇದೇ, ಖರ್ಚೂ ಇಲ್ಲ.

*6. ಯಂತ್ರದ ಹಿಂಬದಿ.* ಯಂತ್ರವನ್ನು ಗೋಡೆಗೆ ತೀರಾ ಒತ್ತಿ ನಿಲ್ಲಿಸಿದಾಗ ಹಿಂದಿನ ಮೆತುಕೊಳವೆ ಚಪ್ಪಟೆಯಾಗಿ ಹೋಗಿರುತ್ತದೆ. ಹೊಸ ಯಂತ್ರ ತಂದ ಮರುದಿನದಿಂದಲೇ ಬಟ್ಟೆ ಒಣಗದಿದ್ದರೆ ಇದನ್ನೇ ಮೊದಲು ನೋಡಿ.

ವಿದ್ಯುತ್ ಡ್ರೈಯರ್ ಆಗಿದ್ದರೆ ಇನ್ನೊಂದು ನಿರ್ಣಾಯಕ ಪರೀಕ್ಷೆ ಇದೆ. ಪ್ಲಗ್ ತೆಗೆದು, ಹಿಂದಿನ ಕೊಳವೆ ಬಿಚ್ಚಿ, ಕಿಟಕಿ ತೆರೆದಿಟ್ಟು, ಮತ್ತೆ ಪ್ಲಗ್ ಹಾಕಿ ನಾಲ್ಕೈದು ಹಸಿಬಟ್ಟೆಯೊಂದಿಗೆ ಹದಿನೈದು ನಿಮಿಷ ಓಡಿಸಿ. ಅಲ್ಲೇ ನಿಂತಿರಿ. ಬಟ್ಟೆ ಚುರುಕಾಗಿ ಒಣಗತೊಡಗಿದರೆ ಯಂತ್ರ ಚೆನ್ನಾಗಿದೆ, ಕೊಳವೆ ಕಟ್ಟಿದೆ. ಆಗಲೂ ಒಣಗದಿದ್ದರೆ ದೋಷ ಯಂತ್ರದೊಳಗಿದೆ. ಗ್ಯಾಸ್ ಡ್ರೈಯರ್‌ನಲ್ಲಿ ಈ ಪರೀಕ್ಷೆಯನ್ನು ಯಾವ ಕಾರಣಕ್ಕೂ ಮಾಡಬೇಡಿ. ಅದರ ಹೊರಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು.

ಬಿಸಿಯೇ ಬರುತ್ತಿಲ್ಲ ಎಂದಾದರೆ

ಡ್ರಮ್ ತಿರುಗುತ್ತಿದೆ, ಗಾಳಿ ಬರುತ್ತಿದೆ, ಆದರೆ ತಣ್ಣಗಿದೆ. ಅಮೆರಿಕದ ವಿದ್ಯುತ್ ಡ್ರೈಯರ್‌ಗೆ ಇದರಲ್ಲಿ ಒಂದು ವಿಶೇಷವಿದೆ. ಅದರ ಕಾಯಿಲ್‌ಗೆ 240 ವೋಲ್ಟ್ ಬೇಕು, ಅದು ಎರಡು ತಂತಿಗಳಿಂದ ಕೂಡಿ ಬರುತ್ತದೆ. ಮೋಟಾರಿಗೆ ಅವುಗಳಲ್ಲಿ ಒಂದು ತಂತಿಯ 120 ವೋಲ್ಟ್ ಸಾಕು. ಬ್ರೇಕರ್‌ನ ಎರಡರಲ್ಲಿ ಒಂದು ಭಾಗ ಕೈಕೊಟ್ಟರೆ ಮೋಟಾರು ತಿರುಗುತ್ತದೆ, ಕಾಯಿಲ್ ಮಾತ್ರ ಕಾಯುವುದಿಲ್ಲ. ಆದ್ದರಿಂದ ಬ್ರೇಕರ್ ಅನ್ನು ಒಮ್ಮೆ ಪೂರ್ತಿ ಕೆಳಗೆ ಮಾಡಿ ಮತ್ತೆ ಮೇಲೆ ಮಾಡಿ ನೋಡಿ. ಅದು ಮತ್ತೆ ಮತ್ತೆ ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್ ಬರಬೇಕು. ಭಾರತದ ಡ್ರೈಯರ್‌ಗಳು ಒಂದೇ 230 ವೋಲ್ಟ್ ಸಂಪರ್ಕದಲ್ಲಿ ಓಡುವುದರಿಂದ ಇಲ್ಲಿ ಈ ತೊಂದರೆ ಬರುವುದಿಲ್ಲ.

ಬ್ರೇಕರ್ ಸರಿಯಿದ್ದರೆ ಮುಂದಿನ ಅನುಮಾನ ಥರ್ಮಲ್ ಫ್ಯೂಸ್. ಶಾಖ ಮಿತಿಮೀರಿದಾಗ ತಾನು ಸುಟ್ಟುಹೋಗಿ ಮನೆ ಉಳಿಸುವ ಸಣ್ಣ ಭಾಗ ಇದು. ಒಮ್ಮೆ ಹೋದರೆ ಬದಲಿಸಲೇಬೇಕು. ಕೆಲವು ಮಾದರಿಗಳಲ್ಲಿ ಇದು ಹೋದರೆ ಬಿಸಿ ನಿಲ್ಲುತ್ತದೆ, ಇನ್ನು ಕೆಲವದರಲ್ಲಿ ಯಂತ್ರವೇ ಶುರುವಾಗುವುದಿಲ್ಲ. ಇಲ್ಲೊಂದು ಮುಖ್ಯ ಮಾತು. ಫ್ಯೂಸ್ ಸುಮ್ಮಸುಮ್ಮನೆ ಹೋಗುವುದು ಅಪರೂಪ. ಕಟ್ಟಿದ ಕೊಳವೆಯೇ ಅದಕ್ಕೆ ಕಾರಣವಾಗಿರುತ್ತದೆ. ಕೊಳವೆ ಶುಚಿ ಮಾಡದೆ ಹೊಸ ಫ್ಯೂಸ್ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಹೋಗುತ್ತದೆ. "ಫ್ಯೂಸ್ ಬೇಡ, ನೇರ ತಂತಿ ಜೋಡಿಸಿಕೊಡ್ತೀನಿ" ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ಬೆಂಕಿಗೂ ನಿಮ್ಮ ಮನೆಗೂ ನಡುವೆ ಇರುವ ಕೊನೆಯ ಕಾವಲು ಅದು.

ಗ್ಯಾಸ್ ಡ್ರೈಯರ್ ಮೊದಲು ಬಿಸಿಯಾಗಿ, ಹತ್ತು ನಿಮಿಷದ ಮೇಲೆ ತಣ್ಣಗಾಗಿ ಹಾಗೇ ಉಳಿದರೆ ಸಾಮಾನ್ಯವಾಗಿ ಗ್ಯಾಸ್ ವಾಲ್ವ್ ತೆರೆಯುವ ಸುರುಳಿಗಳು ಸೋತಿರುತ್ತವೆ. ಗ್ಯಾಸಿಗೆ ಸಂಬಂಧಿಸಿದ ಯಾವ ರಿಪೇರಿಯನ್ನೂ ಮನೆಯಲ್ಲಿ ಮಾಡದಿರುವುದು ಲೇಸು.

ಇನ್ನು ಡ್ರಮ್ಮೇ ತಿರುಗದಿದ್ದರೆ? ಬಾಗಿಲ ಸ್ವಿಚ್ ಒತ್ತಿದಾಗ ಟಿಕ್ ಎನ್ನದಿದ್ದರೆ ಅದು ಹೋಗಿದೆ. ಮೋಟಾರಿನ ಸದ್ದಿದ್ದು, ಕೈಯಿಂದ ತಿರುಗಿಸಿದರೆ ಡ್ರಮ್ ಸರಾಗವಾಗಿ ತಿರುಗಿದರೆ ಬೆಲ್ಟ್ ತುಂಡಾಗಿರಬಹುದು. ತಿರುಗುವಾಗ ಕಿರ್ ಎಂಬ ಸದ್ದು ಬಂದರೆ ಡ್ರಮ್ಮನ್ನು ಹೊತ್ತ ಉರುಳೆಗಳು ಸವೆದಿವೆ. ಇವೆಲ್ಲ ದೊಡ್ಡ ರೋಗಗಳಲ್ಲ, ಇಷ್ಟಕ್ಕೇ ಯಂತ್ರ ಬದಲಿಸಬೇಕಿಲ್ಲ.

ಕೊಳವೆ ಹೇಗಿರಬೇಕು?

ಅಮೆರಿಕದ ಬಹುತೇಕ ರಾಜ್ಯಗಳು ಅನುಸರಿಸುವ ವಸತಿ ಕಟ್ಟಡ ಸಂಹಿತೆ ಈ ಬಗ್ಗೆ ಸ್ಪಷ್ಟವಾಗಿದೆ. ಗೋಡೆಯೊಳಗಿನ ಕೊಳವೆ ನಾಲ್ಕು ಇಂಚು ವ್ಯಾಸದ, ಒಳಮೈ ನುಣುಪಾದ ಗಟ್ಟಿ ಲೋಹದ್ದಾಗಿರಬೇಕು. ಉದ್ದ ಹೆಚ್ಚೆಂದರೆ 35 ಅಡಿ. ತಯಾರಕರು ಕೈಪಿಡಿಯಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನು ಅನುಸರಿಸಬಹುದು. ಪ್ರತಿಯೊಂದು ತಿರುವಿನಲ್ಲೂ ಗಾಳಿಗೆ ತಡೆಯಾಗುವುದರಿಂದ ಒಂದು ಸಾಮಾನ್ಯ 90 ಡಿಗ್ರಿ ತಿರುವಿಗೆ 5 ಅಡಿ, 45 ಡಿಗ್ರಿ ತಿರುವಿಗೆ ಎರಡೂವರೆ ಅಡಿ ಕಳೆಯಬೇಕು. ಅಂದರೆ ಎರಡು ನೇರ ಮೂಲೆಗಳಿದ್ದರೆ ಉಳಿಯುವುದು 25 ಅಡಿ ಮಾತ್ರ. ಮನೆಯ ನಡುಮಧ್ಯೆ ಲಾಂಡ್ರಿ ಕೋಣೆ ಇಟ್ಟ ಹೊಸ ಮನೆಗಳಲ್ಲಿ ಈ ಲೆಕ್ಕ ತಪ್ಪಿದರೆ ಡ್ರೈಯರ್ ಮೊದಲ ದಿನದಿಂದಲೇ ಏದುಸಿರು ಬಿಡುತ್ತದೆ.

ಯಂತ್ರದಿಂದ ಗೋಡೆಯವರೆಗಿನ ಸಣ್ಣ ತುಂಡಿಗೆ ಮಾತ್ರ ಮೆತುಕೊಳವೆ ಬಳಸಬಹುದು. ಅದೂ ಪ್ರಮಾಣಿತ ಲೋಹದ್ದು, 8 ಅಡಿ ಮೀರದಂತೆ. ಹಳೆಯ ಮನೆಗಳಲ್ಲಿ ಕಾಣುವ ಬಿಳಿ ಪ್ಲಾಸ್ಟಿಕ್ ಸುರುಳಿಕೊಳವೆ ಇದ್ದರೆ ಇಂದೇ ತೆಗೆಸಿ. ಅದು ಸುಲಭವಾಗಿ ಕರಗಿ ಉರಿಯುತ್ತದೆ, ಅದರ ಮಡಿಕೆಗಳಲ್ಲಿ ಲಿಂಟ್ ಸಿಕ್ಕಿಕೊಳ್ಳುತ್ತದೆ. ಕೊಳವೆಯ ತುಂಡುಗಳನ್ನು ಕೂಡಿಸಲು ಒಳಗೆ ಚಾಚುವ ಉದ್ದ ಸ್ಕ್ರೂ ಹೊಡೆಯಬಾರದು, ಅವು ಲಿಂಟ್ ಹಿಡಿಯುವ ಕೊಕ್ಕೆಗಳಾಗುತ್ತವೆ. ಅಲ್ಯೂಮಿನಿಯಂ ಫಾಯಿಲ್ ಟೇಪ್ ಸಾಕು. ಕೊಳವೆ ಮನೆಯ ಹೊರಗೇ ಮುಗಿಯಬೇಕು. ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಬಿಟ್ಟರೆ ಮರಕ್ಕೆ ಬೂಷ್ಟು ಹಿಡಿಯುತ್ತದೆ, ಜೊತೆಗೆ ಅಲ್ಲೆಲ್ಲ ಲಿಂಟ್ ರಾಶಿ ಬೀಳುತ್ತದೆ.

ಶುಚಿ ಮಾಡಲು ಉದ್ದ ಕಡ್ಡಿಗಳನ್ನು ಒಂದಕ್ಕೊಂದು ಸೇರಿಸಿ ಡ್ರಿಲ್‌ಗೆ ಜೋಡಿಸುವ ಬ್ರಷ್ ಸಿಗುತ್ತದೆ. ಡ್ರಿಲ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ. ಉಲ್ಟಾ ತಿರುಗಿಸಿದರೆ ಕಡ್ಡಿಗಳ ತಿರುಪು ಬಿಚ್ಚಿ ಬ್ರಷ್ ಗೋಡೆಯೊಳಗೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಕೊಳವೆ ಜೋಡಿಸಿ, ಹತ್ತು ನಿಮಿಷ ಬಿಸಿಯಿಲ್ಲದ ಗಾಳಿ ಓಡಿಸಿದರೆ ಉಳಿದ ಪುಡಿ ಹೊರಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಹೀಗೆ ಮಾಡಿದರೆ ಸಾಮಾನ್ಯ ಕುಟುಂಬಕ್ಕೆ ಸಾಕು. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ, ದಿನವೂ ಬಟ್ಟೆ ಬೀಳುತ್ತಿದ್ದರೆ ಎರಡು ಸಲ. ಕೊಳವೆ ಛಾವಣಿಯ ಮೇಲೆ ಮುಗಿಯುವುದಾದರೆ ಹತ್ತಲು ಹೋಗದೆ ವೃತ್ತಿಪರರನ್ನು ಕರೆಯಿರಿ.

ಬೆಂಕಿಯ ಮಾತು ಉತ್ಪ್ರೇಕ್ಷೆಯೇ?

ಅಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆ 2008ರಿಂದ 2010ರವರೆಗಿನ ಅಂಕಿಅಂಶ ಆಧರಿಸಿ ನೀಡಿದ ಅಂದಾಜಿನಂತೆ, ಆ ದೇಶದ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣಗಳು ವರದಿಯಾಗುತ್ತಿದ್ದವು. ಅವುಗಳಿಂದ ವರ್ಷಕ್ಕೆ ಸುಮಾರು 5 ಸಾವು, 100 ಮಂದಿಗೆ ಗಾಯ, ಮೂರೂವರೆ ಕೋಟಿ ಡಾಲರ್ ನಷ್ಟ. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಯಂತ್ರದ ದೋಷವಲ್ಲ, ಶುಚಿ ಮಾಡದಿರುವುದು. ಅದರ ಪಾಲೇ ಶೇ 34. ಲಂಡನ್ನಿನ ಷೆಫರ್ಡ್ಸ್ ಬುಷ್‌ನಲ್ಲಿ 2016ರ ಆಗಸ್ಟ್‌ನಲ್ಲಿ ಬಹುಮಹಡಿ ವಸತಿ ಕಟ್ಟಡಕ್ಕೆ ಹತ್ತಿಕೊಂಡ ಬೆಂಕಿಯೂ ಡ್ರೈಯರ್ ಒಂದರಿಂದಲೇ ಶುರುವಾಗಿತ್ತು. ಅಲ್ಲಿ ಯಂತ್ರದ್ದೇ ದೋಷವಿತ್ತು.

ಲಿಂಟ್ ಎಂದರೆ ಬಿಡಿಸಿಟ್ಟ ಹತ್ತಿಯಂತೆ. ಎಳೆಗಳ ನಡುವೆ ಬೇಕಾದಷ್ಟು ಗಾಳಿ ಇರುವುದರಿಂದ ಒಂದು ಕಿಡಿ ಸಾಕು.

ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಅಪಾಯವಿದೆ, ಎಣ್ಣೆಬಟ್ಟೆ. ದೀಪಾವಳಿ, ಯುಗಾದಿಯ ಎಣ್ಣೆಸ್ನಾನದ ಟವೆಲ್, ಅಡುಗೆಮನೆಯ ಜಿಡ್ಡಿನ ಮಸಿಬಟ್ಟೆ, ಮಾಲೀಸು ಮಾಡಿದ ಮೇಲಿನ ಹೊದಿಕೆ ಇವೆಲ್ಲ ಒಗೆದರೂ ಸ್ವಲ್ಪ ಎಣ್ಣೆ ಉಳಿಸಿಕೊಂಡಿರುತ್ತವೆ. ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಯಂಥವು ಗಾಳಿಯ ಆಮ್ಲಜನಕದೊಂದಿಗೆ ಕೂಡುವಾಗ ತಾವೇ ಶಾಖ ಬಿಡುತ್ತವೆ. ಡ್ರೈಯರ್‌ನ ಬಿಸಿ ಆ ಕ್ರಿಯೆಗೆ ವೇಗ ಕೊಡುತ್ತದೆ. ಒಣಗಿದ ಬಟ್ಟೆಯನ್ನು ಬಿಸಿಯಿರುವಾಗಲೇ ಗುಡ್ಡೆ ಹಾಕಿದರೆ ಶಾಖ ಹೊರಹೋಗದೆ ಒಳಗೊಳಗೇ ಏರಿ, ಯಾರೂ ಕಿಡಿ ತಾಗಿಸದೆಯೇ ಹೊತ್ತಿಕೊಳ್ಳಬಹುದು. ಕೊಬ್ಬರಿ ಎಣ್ಣೆಯಲ್ಲಿ ಈ ಗುಣ ಕಡಿಮೆ. ಆದರೂ ಎಣ್ಣೆಯ ಬಟ್ಟೆ ಯಾವುದೇ ಇರಲಿ, ಬಿಸಿನೀರಲ್ಲಿ ಸೋಪು ಹಾಕಿ ಒಗೆದು, ಹಗ್ಗದ ಮೇಲೆ ಹರವುವುದೇ ಸರಿ.

ನಂಬಿಕೆಗಳು ಮತ್ತು ನಿಜ

*"ಪ್ರತಿಸಲ ಜಾಲರಿ ಶುಚಿ ಮಾಡುತ್ತೇನೆ, ಅಷ್ಟು ಸಾಕು."* ಜಾಲರಿ ಶುಚಿ ಮಾಡುವುದು ಅಗತ್ಯ, ಆದರೆ ಸಾಲದು. ಅದನ್ನು ದಾಟಿ ಹೋದ ಲಿಂಟ್ ಕೊಳವೆಯಲ್ಲೂ ಯಂತ್ರದ ಹೊಟ್ಟೆಯಲ್ಲೂ ಸೇರುತ್ತದೆ.

*"ಹಕ್ಕಿ ಬಾರದಂತೆ ಹೊರಬಾಯಿಗೆ ಬಲೆ ಹೊಡೆದರಾಯಿತು."* ಬೇಡ. ಬಲೆಗೆ ಲಿಂಟ್ ಮೆತ್ತಿ ಕೆಲವೇ ವಾರಗಳಲ್ಲಿ ಬಾಯಿ ಮುಚ್ಚಿಹೋಗುತ್ತದೆ. ಅಮೆರಿಕದ ಸಂಹಿತೆ ಇದನ್ನು ನಿಷೇಧಿಸಿದೆ. ಗಾಳಿ ನಿಂತಾಗ ತಾನೇ ಮುಚ್ಚಿಕೊಳ್ಳುವ ಮುಚ್ಚಳ ಹಾಕಿಸಿ.

*"ಚಳಿಗಾಲದಲ್ಲಿ ಆ ಬಿಸಿಗಾಳಿಯನ್ನು ಮನೆಯೊಳಗೇ ಬಿಟ್ಟರೆ ಹೀಟರ್ ಖರ್ಚು ಉಳಿಯುತ್ತದೆ."* ಬಿಸಿಯ ಜೊತೆಗೆ ಪ್ರತಿಸಲ ಎರಡು ಲೀಟರ್ ನೀರೂ ಆವಿಯಾಗಿ ಮನೆ ಸೇರುತ್ತದೆ. ಗೋಡೆ, ಕಿಟಕಿಗಳಲ್ಲಿ ಬೂಷ್ಟು ಬೆಳೆಯುತ್ತದೆ, ಉಬ್ಬಸ ಇರುವವರಿಗೆ ತೊಂದರೆ ಹೆಚ್ಚುತ್ತದೆ. ಗ್ಯಾಸ್ ಡ್ರೈಯರ್ ಆಗಿದ್ದರೆ ಇದು ಪ್ರಾಣಕ್ಕೇ ಕುತ್ತು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಸೂಚನೆಗಳು.

*"ಮಲಗುವ ಮುಂಚೆ ಹಾಕಿಬಿಟ್ಟರೆ ಬೆಳಗ್ಗೆ ರೆಡಿ."* ಅನುಕೂಲವೇನೋ ಹೌದು. ಆದರೆ ಸುಟ್ಟ ವಾಸನೆ ಬಂದರೆ ತಿಳಿಯಲು ಎಚ್ಚರವಾಗಿ ಯಾರಾದರೂ ಇರಬೇಕು. ಮಲಗುವಾಗ, ಮನೆ ಬಿಟ್ಟು ಹೋಗುವಾಗ ಡ್ರೈಯರ್ ಓಡಿಸಬಾರದು.

ಬೆಂಗಳೂರಿನ ಮನೆಯಲ್ಲಿದ್ದರೆ

ನಮ್ಮಲ್ಲಿ ಕೊಳವೆಯೇ ಬೇಡದ ಯಂತ್ರಗಳೂ ಇವೆ. ಕಂಡೆನ್ಸರ್ ಡ್ರೈಯರ್ ಆವಿಯನ್ನು ಒಳಗೇ ತಣಿಸಿ ನೀರಾಗಿಸಿ ಡಬ್ಬಿಯಲ್ಲಿ ಸಂಗ್ರಹಿಸುತ್ತದೆ. ಹೀಟ್ ಪಂಪ್ ಡ್ರೈಯರ್ ಅದೇ ಕೆಲಸವನ್ನು ಫ್ರಿಜ್‌ನ ತತ್ವದಲ್ಲಿ, ಬಹಳ ಕಡಿಮೆ ಕರೆಂಟಿನಲ್ಲಿ ಮಾಡುತ್ತದೆ. ಆದರೆ ಕಡಿಮೆ ಬಿಸಿಯಲ್ಲಿ ಒಣಗಿಸುವುದರಿಂದ ಹೆಚ್ಚು ಹೊತ್ತು ಹಿಡಿಯುವುದು ಅದರ ಗುಣ, ದೋಷವಲ್ಲ. ಇವು ನಿಧಾನವಾದರೆ ನೋಡಬೇಕಾದದ್ದು ಮೂರು: ಫಿಲ್ಟರ್ ಕಟ್ಟಿದೆಯೇ, ನೀರಿನ ಡಬ್ಬಿ ತುಂಬಿದೆಯೇ, ಕೆಳಗಿನ ಕಂಡೆನ್ಸರ್‌ನ ರೆಕ್ಕೆಗಳಿಗೆ ಲಿಂಟ್ ಮೆತ್ತಿದೆಯೇ.

ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಇರುವ ವಾಷರ್-ಡ್ರೈಯರ್ ಬಗ್ಗೆ ಬರುವ ದೂರುಗಳಿಗೆ ಸಾಮಾನ್ಯ ಕಾರಣ ಒಂದೇ. ಎಂಟು ಕಿಲೋ ಒಗೆಯುವ ಯಂತ್ರ ಒಮ್ಮೆಗೆ ಒಣಗಿಸುವುದು ಐದು ಕಿಲೋ ಇರಬಹುದು. ಒಗೆದ ಅಷ್ಟನ್ನೂ ಹಾಗೇ ಒಣಗಲು ಬಿಟ್ಟರೆ ಮುದ್ದೆಯಾದ ಹಸಿಬಟ್ಟೆ ಸಿಗುತ್ತದೆ. ಇನ್ನೊಂದು ವಿಷಯ, ಇಂಥ ಅನೇಕ ಯಂತ್ರಗಳು ಆವಿಯನ್ನು ತಣಿಸಲು ಒಣಗಿಸುವಾಗಲೂ ನಲ್ಲಿನೀರು ಬಳಸುತ್ತವೆ. ಒಗೆತ ಮುಗಿಯಿತೆಂದು ನಲ್ಲಿ ತಿರುಗಿಸಿಬಿಟ್ಟರೆ ಬಟ್ಟೆ ಒಣಗುವುದಿಲ್ಲ.

ಹೊರಗೆ ಗಾಳಿ ಬಿಡುವ ಡ್ರೈಯರ್ ಆಗಿದ್ದರೆ ಅದರ ಕೊಳವೆಯನ್ನು ಯುಟಿಲಿಟಿಯ ಗ್ರಿಲ್‌ನಾಚೆಗೆ ಹಾಕಿಸಿ. ಅದೇ ಜಾಗದಲ್ಲಿ ಗ್ಯಾಸ್ ಗೀಸರ್ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಮುಚ್ಚಿದ ಕೋಣೆಯಲ್ಲಿ ಗೀಸರ್‌ನ ವಿಷಾನಿಲದಿಂದ ಸಾವು ಸಂಭವಿಸಿದ ಸುದ್ದಿಗಳನ್ನು ಆಗಾಗ ಓದುತ್ತೇವೆ. ಕೋಣೆಯ ಗಾಳಿಯನ್ನು ಡ್ರೈಯರ್ ಹೊರಗೆಳೆಯುತ್ತಿರುವಾಗ ಗೀಸರ್‌ಗೆ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿಯಬಹುದು, ಹೊರಗೆ ಹೋಗಬೇಕಾದ ಹೊಗೆ ಒಳಗೇ ತಿರುಗಬಹುದು. ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಕಿಟಕಿ ತೆರೆದೇ ಇರಲಿ. ಡ್ರೈಯರ್‌ಗೆ ಎಕ್ಸ್‌ಟೆನ್ಷನ್ ಬೋರ್ಡ್ ಬಳಸದೆ, ಅದಕ್ಕೆಂದೇ ಹಾಕಿಸಿದ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ ಜೋಡಿಸಿ.

ನೆನಪಿಡಬೇಕಾದ ಸೂಚನೆಗಳು

ಒಂದೇ ಸುತ್ತಿನಲ್ಲಿ ಒಣಗುತ್ತಿದ್ದ ಬಟ್ಟೆಗೆ ಎರಡು ಸುತ್ತು ಬೇಕಾಗುವುದು, ಯಂತ್ರದ ಮೇಲ್ಮೈ ಮುಟ್ಟಲಾಗದಷ್ಟು ಬಿಸಿಯಾಗುವುದು, ಲಾಂಡ್ರಿ ಕೋಣೆಯ ಕಿಟಕಿಗೆ ಮಂಜು ಕಟ್ಟುವುದು, ಯಂತ್ರದ ಹಿಂದೆ ಲಿಂಟ್ ಬೀಳುವುದು, ಹೊರಗಿನ ಮುಚ್ಚಳ ತೆರೆಯದಿರುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಕೊಳವೆ ಶುಚಿ ಮಾಡುವ ಹೊತ್ತಾಗಿದೆ ಎಂದು ತಿಳಿಯಿರಿ. ಸುಟ್ಟ ವಾಸನೆ ಬಂದರೆ ಮಾತ್ರ ಪರೀಕ್ಷೆ, ಪತ್ತೆ ಯಾವುದೂ ಬೇಡ. ಯಂತ್ರ ನಿಲ್ಲಿಸಿ, ಪ್ಲಗ್ ತೆಗೆಯಿರಿ. ಒಳಗೆ ಹೊಗೆಯೋ ಬೆಂಕಿಯೋ ಕಂಡರೆ ಬಾಗಿಲು ತೆರೆಯಬೇಡಿ, ತೆರೆದರೆ ಗಾಳಿ ಸಿಕ್ಕಿ ಬೆಂಕಿ ಭುಗಿಲೇಳುತ್ತದೆ. ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಗ್ಯಾಸ್ ಡ್ರೈಯರ್ ಇರುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಉಳಿದವರು ಮುಂದಿನ ಸಲ ಡ್ರೈಯರ್ ಹಾಕಿದಾಗ ಒಂದು ನಿಮಿಷ ಹೊರಗೆ ಹೋಗಿ ಆ ಮುಚ್ಚಳದ ಮುಂದೆ ಕೈ ಹಿಡಿದು ನೋಡಿ. ಗಾಳಿ ಜೋರಾಗಿ ಬರುತ್ತಿದ್ದರೆ ನಿಶ್ಚಿಂತೆ. ಬರದಿದ್ದರೆ ಏನು ಮಾಡಬೇಕೆಂದು ಈಗ ನಿಮಗೆ ಗೊತ್ತಿದೆ.